ಲಕ್ವ ಆದ ಮೇಲೆ ಮಗ್ಗಕ್ಕೆ

ಗದಗದಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಬೆಟಗೇರಿ ನೇಕಾರರು ಕೇಳುವುದು ಒಂದೇ: "ಮಗ್ಗಕ್ಕ ಯಾವಾಗ ಕೂಡ್ಲಿರೀ?" ನಡೆಯುವ ಮಾತು ಆಮೇಲೆ.

ಲಕ್ವ ಹೊಡೆದು ಎಡಗೈ ಸೋತ ಕಾಕಾ ಒಬ್ಬರಿಗೆ ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಜಾರಾಗಿತ್ತು. ಮಗನಿಗೆ ಹೇಳಿ ಲಾಳಿ, ನೂಲು ತರಿಸಿದೆ. ಹರಿದ ಎಳೆಗೆ ಗಂಟು ಹಾಕುವುದೇ ವ್ಯಾಯಾಮವಾಯಿತು. ಬೆರಳುಗಳು ಮಾತು ಕೇಳತೊಡಗಿದವು. ಆದರೆ ಕುಣಿಮಗ್ಗದಲ್ಲಿ, ಅಂದರೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗದಲ್ಲಿ, ಒಂದು ಕೈ ಲಾಳಿ ಓಡಿಸುವ ಹಗ್ಗ ಎಳೆಯಬೇಕು, ಇನ್ನೊಂದು ನೂಲು ಒತ್ತುವ ಹಲಗೆ ಬಡಿಯಬೇಕು, ಕಾಲು ತುಳಿಯಬೇಕು, ಎಲ್ಲ ಒಂದೇ ಲಯದಲ್ಲಿ. ಕುಣಿಗೆ ಇಳಿದು ಏಳುವುದೇ ದೊಡ್ಡ ಕೆಲಸ ಅಲ್ವಾ? ಗೋಡೆಗೆ ಹಿಡಿಕೆ ಹಾಕಿಸಿದೆವು. ಮೊದಮೊದಲು ಅರ್ಧ ತಾಸು ಮಾತ್ರ, ಕೈ ಬಿಗಿದರೆ ಏಳಬೇಕು. ಕಾಕಾ ಕೇಳುವವರಲ್ಲ. ಗಡಿಯಾರ ನೋಡುವ ಜವಾಬ್ದಾರಿ ಕಾಕೂಗೆ ಕೊಟ್ಟೆ.

ಸರ್ಕಾರಿ ನೌಕರರ ದಾರಿ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆದುಹಾಕುವಂತಿಲ್ಲ. ಹಳೆ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಸುಮ್ನೆ ರಾಜೀನಾಮೆ ಬರೆದುಕೊಡಬೇಡಿ ಅಂತ ಅವರಿಗೆ ಮೊದಲೇ ಹೇಳುತ್ತೇನೆ. ಮನೆಯಲ್ಲೇ ನೇಯುವವರಿಗೆ ಆ ಕಲಂ ಇಲ್ಲ.

ಕಾಕಾ ಈಗ ಬೆಳಿಗ್ಗೆ ನೇಯುತ್ತಾರೆ, ಮಧ್ಯಾಹ್ನ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಾರೆ. ಕೂಲಿ ಮಾತ್ರ ಇನ್ನೂ ಮೊದಲಿನಷ್ಟಿಲ್ಲ.