ಉಗಿ ಟ್ಯಾಂಕಿನ ನೀರಿನ ಲೆಕ್ಕ

12 ಜನವರಿ 2025, ಭಾನುವಾರ

ಇವತ್ತಿನ ಲೆಕ್ಕ 1918ರ ಅಮೆರಿಕನ್ ಉಗಿ ಟ್ಯಾಂಕಿನದು. ಅಲ್ಲಿನ ಸೇನೆಯ ಎಂಜಿನಿಯರ್ ದಳ ಬ್ರಿಟಿಷರ ಮಾರ್ಕ್ ಸರಣಿಯ ಆಕಾರವನ್ನೇ ಅನುಸರಿಸಿ ಅದನ್ನು ಕಟ್ಟಿತು. ತೂಕ ಸುಮಾರು 50 ಟನ್, ಕವಚ 13 ಮಿ.ಮೀ., ಒಳಗೆ 8 ಜನ. ಸೀಮೆಎಣ್ಣೆ ಉರಿಸುವ ಬಾಯ್ಲರ್‌ಗಳು, ಎರಡು ಉಗಿ ಎಂಜಿನ್, ಒಟ್ಟು 500 ಅಶ್ವಶಕ್ತಿ. ವೇಗ ಗಂಟೆಗೆ 6 ಕಿ.ಮೀ. ಮುಖ್ಯ ಆಯುಧ ಬೆಂಕಿ ಉಗುಳುವ ಯಂತ್ರ. ಅದಕ್ಕೆ ಬೇಕಾದ ಒತ್ತಡಕ್ಕೆ ಮಾತ್ರ ಪ್ರತ್ಯೇಕವಾಗಿ 35 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಇಡಬೇಕಾಯಿತು.

ಆ ಕಾಲಕ್ಕೆ ಅದು ಹುಚ್ಚು ಯೋಚನೆಯೇನಲ್ಲ. 1916ರ ಬ್ರಿಟಿಷ್ ಮಾರ್ಕ್ 1 ಟ್ಯಾಂಕು 28 ಟನ್ ತೂಗುತ್ತಿತ್ತು, ಅದನ್ನು ಎಳೆಯಬೇಕಾದ ಡೈಮ್ಲರ್ ಎಂಜಿನ್ ಬರೀ 105 ಅಶ್ವಶಕ್ತಿಯದು. ಗೇರ್, ಬ್ರೇಕ್ ಸೇರಿ ಅದನ್ನು ಓಡಿಸಿ ತಿರುಗಿಸಲು ನಾಲ್ಕು ಜನ ಬೇಕಿತ್ತು. ಉಗಿ ಎಂಜಿನ್ನಿನ ಪಿಸ್ಟನ್ ನಿಂತಲ್ಲೇ ಪೂರ್ತಿ ಬಲದಿಂದ ತಳ್ಳುತ್ತದೆ. ಕ್ಲಚ್ ಬೇಡ, ಎಂಜಿನ್ ಆಫ್ ಆಗುವ ಭಯವಿಲ್ಲ. ಎರಡು ಬದಿಯ ಚಕ್ರಪಟ್ಟಿಗಳಿಗೆ (ಟ್ರ್ಯಾಕ್) ಒಂದೊಂದು ಎಂಜಿನ್ ಕೊಟ್ಟರೆ ಒಂದು ಕಡೆ ಉಗಿ ಹೆಚ್ಚಿಸಿ ಇನ್ನೊಂದು ಕಡೆ ತಗ್ಗಿಸಿದರೆ ಸಾಕು, ಟ್ಯಾಂಕು ತಿರುಗುತ್ತದೆ. ಕೆಸರಲ್ಲಿ ಹೂತ ಯಂತ್ರವನ್ನು ಮೆಲ್ಲಗೆ ಎಬ್ಬಿಸಲು ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ.

ಸೋಲುವುದು ನೀರಿನಲ್ಲಿ. ಉಗಿಯನ್ನು ಹೊರಗೆ ಬಿಟ್ಟುಬಿಡುವ ಸಣ್ಣ ಎಂಜಿನ್ ಒಂದು ಕಿಲೋವ್ಯಾಟ್-ಗಂಟೆಗೆ ಸುಮಾರು 10 ಕೆ.ಜಿ. ಉಗಿ ತಿನ್ನುತ್ತದೆ ಎಂದಿಟ್ಟುಕೊಳ್ಳಿ. 500 ಅಶ್ವಶಕ್ತಿ ಅಂದರೆ 373 ಕಿಲೋವ್ಯಾಟ್. ಪೂರ್ತಿ ಬಲದಲ್ಲಿ ಗಂಟೆಗೆ 3,700 ಲೀಟರ್ ನೀರು, ಅರ್ಧ ಬಲದಲ್ಲಿ 1,850. ಗಂಟೆಗೆ 6 ಕಿ.ಮೀ. ನಡಿಗೆಯಲ್ಲಿ 30 ಕಿ.ಮೀ. ಹೋಗಿಬರಲು 5 ಗಂಟೆ, ಅಂದರೆ 9 ಟನ್ ಮೀರಿದ ನೀರು. ಸೀಮೆಎಣ್ಣೆಯ ಭಾರ ಇದರ ಮುಂದೆ ಏನೂ ಅಲ್ಲ: 75% ದಕ್ಷತೆಯ ಬಾಯ್ಲರ್‌ನಲ್ಲಿ ಒಂದು ಕೆ.ಜಿ. ಸೀಮೆಎಣ್ಣೆ ಹನ್ನೆರಡು ಕೆ.ಜಿ. ನೀರನ್ನು ಉಗಿ ಮಾಡುತ್ತದೆ. ಅಂದರೆ ಟ್ಯಾಂಕಿನ ಹಿಂದೆ ಹೊರಡಬೇಕಾದದ್ದು ಎಣ್ಣೆ ಲಾರಿಗಿಂತ ಮೊದಲು ನೀರಿನ ಲಾರಿ. ಅದೂ ಮೆದು ನೀರೇ ಆಗಬೇಕು. ಗಡಸು ನೀರು ಹಾಕಿದರೆ ಕೊಳವೆಯೊಳಗೆ ಸುಣ್ಣದ ಪದರ ಕಟ್ಟಿ, ಶಾಖ ನೀರಿಗೆ ದಾಟದೆ ಲೋಹವೇ ಕಾದು ಉಬ್ಬುತ್ತದೆ. ಚಳಿ ದೇಶದಲ್ಲಾದರೆ ರಾತ್ರಿ ನಿಲ್ಲಿಸುವ ಮುಂಚೆ ಪಂಪು, ಕೊಳವೆ ಎಲ್ಲ ಬರಿದು ಮಾಡದಿದ್ದರೆ ಬೆಳಗಾಗುವಷ್ಟರಲ್ಲಿ ಒಡೆದಿರುತ್ತವೆ.

ಇಳಿಜಾರಿನದು ಇನ್ನೊಂದು ಕಥೆ. ರೈಲ್ವೆ ಎಂಜಿನ್ ಮಾದರಿಯ, ಒಂದೂವರೆ ಮೀಟರ್ ಉದ್ದದ ಬಾಯ್ಲರ್ ತಗೊಳ್ಳಿ. ಕಂದಕ ದಾಟುವಾಗ ಟ್ಯಾಂಕು 30 ಡಿಗ್ರಿ ವಾಲಿದರೆ ಒಂದು ತುದಿಯಲ್ಲಿ ನೀರಿನ ಮಟ್ಟ ಸುಮಾರು 43 ಸೆಂ.ಮೀ. ಇಳಿಯುತ್ತದೆ. ಬೆಂಕಿಗೂಡಿನ ಮೇಲ್ಛಾವಣಿಯ ತಗಡು ಬರಿದಾದರೆ ಕೆಲವೇ ನಿಮಿಷದಲ್ಲಿ ಅದು ಮೆತ್ತಗಾಗುತ್ತದೆ. ಅದಕ್ಕೆ ಬಿಗಿದ ಸೀಸದ ಪ್ಲಗ್ ಕರಗಿ ಬೆಂಕಿ ಆರಿಸುವುದು ಅದೃಷ್ಟ ಚೆನ್ನಾಗಿದ್ದರೆ. ಆರಿದ ಮೇಲೆ ಟ್ಯಾಂಕು ನಿಲ್ಲುವುದು ಕಂದಕದ ಬಾಯಲ್ಲೇ.

13 ಜನವರಿ 2025, ಸೋಮವಾರ

ನೀರು ಉಳಿಸಬೇಕಾದರೆ ಕಂಡೆನ್ಸರ್ ಹಾಕಬೇಕು, ಬಿಟ್ಟ ಉಗಿಯನ್ನು ತಂಪು ಮಾಡಿ ಮತ್ತೆ ಬಾಯ್ಲರ್‌ಗೆ ಕಳಿಸಬೇಕು. ಇಲ್ಲಿ ಕವಚಕ್ಕೇ ಏಟು. ಅದೇ 373 ಕಿಲೋವ್ಯಾಟ್ ಎಂಜಿನ್ನಿನ ಉಗಿಯಿಂದ ಸುಮಾರು 2,100 ಕಿಲೋವ್ಯಾಟ್ ಶಾಖ ತೆಗೆಯಬೇಕು. ಅಷ್ಟೇ ಬಲದ ಡೀಸೆಲ್ ಎಂಜಿನ್ನಿನ ರೇಡಿಯೇಟರ್ ಹೆಚ್ಚೆಂದರೆ 400ರ ಆಸುಪಾಸು ತೆಗೆದರೆ ಸಾಕು. ಗಾಳಿ ಒಳಬಂದಾಗಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬೀಳುತ್ತದೆ ಎಂದರೆ ಸೆಕೆಂಡಿಗೆ 50 ಕೆ.ಜಿ. ಗಾಳಿ ಬೇಕು. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಎಳೆದರೂ 3 ಚದರ ಮೀಟರ್ ತೆರಪು. ಗುಂಡು ತಡೆಯುವ ದಪ್ಪ ಪಟ್ಟಿಗಳು ಅರ್ಧ ಜಾಗ ನುಂಗುವುದರಿಂದ ಮೇಲ್ಮೈಯಲ್ಲಿ 6 ಚದರ ಮೀಟರ್ ಬಿಟ್ಟುಕೊಡಬೇಕು. ಟ್ಯಾಂಕಿನ ಬೆನ್ನೆಲ್ಲ ಜಾಲರಿ! ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಅದು ದೀಪ ಹಚ್ಚಿಟ್ಟ ಹಾಗೆ ಕಾಣುತ್ತದೆ.

ಬಾಯ್ಲರ್‌ಗೆ ಗುಂಡು ಬಿದ್ದರೆ? 10 ಬಾರ್ ಒತ್ತಡದಲ್ಲಿ ನೀರು 180 ಡಿಗ್ರಿ ಬಿಸಿಯಿರುತ್ತದೆ. ಒತ್ತಡ ಒಮ್ಮೆಲೇ ಇಳಿದರೆ ಅದರಲ್ಲಿ ಸುಮಾರು 15% ಕ್ಷಣದಲ್ಲಿ ಉಗಿಯಾಗುತ್ತದೆ. 100 ಕೆ.ಜಿ. ನೀರಿದ್ದರೆ 15 ಕೆ.ಜಿ. ಉಗಿ, ಅಂದರೆ 25 ಘನ ಮೀಟರ್. ಎಂಟು ಜನ ಕೂತ ಪೆಟ್ಟಿಗೆಯೊಳಗೆ ಅಷ್ಟು ಉಗಿ ತುಂಬಿದರೆ ಯಾರೂ ಉಳಿಯುವುದಿಲ್ಲ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಕಳವಳದ ಅಂಕಿ ಇದೇ.

ಇದಕ್ಕೆ ಮದ್ದು ಒಂಟಿ ಕೊಳವೆಯ ಬಾಯ್ಲರ್. ಅಮೆರಿಕದ ಅಬ್ನರ್ ಡೋಬಲ್ 1920ರ ದಶಕದ ತನ್ನ ಉಗಿ ಕಾರುಗಳಲ್ಲಿ ಇದನ್ನು ಬಳಸಿದ. ಸುರುಳಿ ಸುತ್ತಿದ ಉದ್ದ ಕೊಳವೆಯ ಒಂದು ತುದಿಯಲ್ಲಿ ನೀರು ನುಗ್ಗಿ ಇನ್ನೊಂದು ತುದಿಯಲ್ಲಿ ಉಗಿಯಾಗಿ ಬರುತ್ತದೆ. ಒಳಗಿರುವ ನೀರು ಕಡಿಮೆ, ಹಾಗಾಗಿ ಸಿಡಿದರೂ ಅನಾಹುತ ಚಿಕ್ಕದು. ವಾಲಿದರೂ ಚಿಂತೆಯಿಲ್ಲ. ಹಳೆಯ ಬಾಯ್ಲರ್ ಬಿಸಿಯಾಗಲು ಮುಕ್ಕಾಲು ಗಂಟೆಯೋ ಇನ್ನೂ ಹೆಚ್ಚೋ ಹಿಡಿದರೆ ಇದು ಒಂದೆರಡು ನಿಮಿಷದಲ್ಲಿ ಸಿದ್ಧ.

ಆದರೆ ಇದರಲ್ಲಿ ದಾಸ್ತಾನು ಅನ್ನುವುದೇ ಇಲ್ಲ. ಬೆಂಕಿ, ನೀರು, ಎಂಜಿನ್ನಿನ ಬೇಡಿಕೆ ಮೂರೂ ಪ್ರತಿ ಸೆಕೆಂಡ್ ಹೊಂದಿಕೊಳ್ಳಬೇಕು. ಟ್ಯಾಂಕು ದಿಣ್ಣೆ ಹತ್ತಿ ತಟ್ಟನೆ ಬ್ರೇಕ್ ಹಾಕಿತು ಅನ್ನಿ: ಪಂಪು ನೀರು ತಗ್ಗಿಸಿದರೂ ಬರ್ನರ್ ಕ್ಷಣ ಹೊತ್ತು ಹೆಚ್ಚು ಉರಿದರೆ ಉಗಿಯ ಬಿಸಿ ಮಿತಿ ದಾಟುತ್ತದೆ, ಸಿಲಿಂಡರ್ ಎಣ್ಣೆ ಕರಟಿ ಪಿಸ್ಟನ್ ರಿಂಗು ಹಿಡಿದುಕೊಳ್ಳುತ್ತದೆ. ತದ್ವಿರುದ್ಧವಾಗಿ ನೀರು ಹೆಚ್ಚಾದರೆ ಸಿಲಿಂಡರ್‌ಗೆ ದ್ರವವೇ ನುಗ್ಗುತ್ತದೆ. ನೀರು ಕುಗ್ಗುವ ವಸ್ತುವಲ್ಲ, ಸಿಲಿಂಡರ್ ತಲೆಯೇ ಹಾರುತ್ತದೆ. ತಣ್ಣಗಿರುವ ಎಂಜಿನ್ ಹೊರಡಿಸುವಾಗ ಡ್ರೇನ್ ಕಾಕ್ (ಸಿಲಿಂಡರ್‌ನ ನೀರು ಹೊರಬಿಡುವ ನಲ್ಲಿ) ತೆರೆದಿಟ್ಟು, ಒಣ ಉಗಿ ಬರುವವರೆಗೂ ಮುಚ್ಚಬಾರದು ಎನ್ನುವುದು ಇದಕ್ಕೇ.

ಜೊತೆಗೆ ಕಂಡೆನ್ಸರ್ ಇದ್ದಲ್ಲಿ ಸಿಲಿಂಡರ್ ಎಣ್ಣೆಯೂ ನೀರಿನ ಜೊತೆ ಬಾಯ್ಲರ್‌ಗೆ ಮರಳುತ್ತದೆ. ಕೊಳವೆಯೊಳಗೆ ತೆಳ್ಳಗೆ ಅಂಟಿದರೂ ಸಾಕು, ಆ ಜಾಗ ಕೆಂಪಗೆ ಕಾದು ತೂತಾಗುತ್ತದೆ. ಎಣ್ಣೆ ಬೇರ್ಪಡಿಸುವ ಫಿಲ್ಟರ್ ಹಾಕಿ, ಅದನ್ನು ಆಗಾಗ ಬದಲಿಸಬೇಕು.

ಇವೆಲ್ಲ ಸರಿಹೋದರೂ ಇಷ್ಟು ಸಣ್ಣ ಉಗಿ ಯಂತ್ರದ ದಕ್ಷತೆ 20% ದಾಟುವುದು ಕಷ್ಟ, ಒಳ್ಳೆಯ ಡೀಸೆಲ್ ಎಂಜಿನ್ 40% ಮುಟ್ಟುತ್ತದೆ. 1918ರಲ್ಲೇ ಮಾರ್ಕ್ 5 ಟ್ಯಾಂಕು 150 ಅಶ್ವಶಕ್ತಿಯ ರಿಕಾರ್ಡೊ ಪೆಟ್ರೋಲ್ ಎಂಜಿನ್ ಹೊತ್ತು ಬಂತು, ಒಬ್ಬನೇ ಅದನ್ನು ಓಡಿಸಬಲ್ಲವನಾದ. ಉಗಿ ಟ್ಯಾಂಕನ್ನು ಕಟ್ಟಲು ಇದ್ದ ಕಾರಣ ಅದನ್ನು ಕಟ್ಟಿದ ವರ್ಷವೇ ಹೋಯಿತು.