ಅಪ್ಪನ ಅಂಗಾಲು

ಮೂರು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋಗಿದ್ದೆ. ನಡುಮನೆಯ ಟೈಲ್ಸ್ ಮೇಲೆ ರಕ್ತದ ಕಲೆ, ಹೆಜ್ಜೆಗೊಂದು. ಹಿಂಬಾಲಿಸಿದರೆ ಜಗಲಿ ಮೇಲೆ ಕೂತಿದ್ದ ಅಪ್ಪನ ಹತ್ತಿರ ಮುಗಿಯಿತು. ಜಾಲಿ ಮುಳ್ಳು ಹವಾಯಿ ಚಪ್ಪಲಿ ತೂರಿಕೊಂಡು ಬಂದು ಬೆರಳಿನ ಬುಡಕ್ಕೆ ನಾಟಿತ್ತು. ತೋರಿಸಿದರೆ, "ಮುಳ್ಳಾ? ಎಲ್ಲವ್ವ? ನೋವೇ ಇಲ್ಲ ಕನ" ಅಂದರು. ಬೇಲಿ ಕಟ್ಟಲು ಹೋಗಿದ್ದು ಎರಡು ದಿನದ ಹಿಂದೆ, ಅಮ್ಮ ಲೆಕ್ಕ ಹಾಕಿ ಹೇಳಿದಳು.

ಅಪ್ಪನಿಗೆ ಸಕ್ಕರೆ ಕಾಯಿಲೆ. ಆ ಗಾಯ ಕೀವಾಗಿ, ಕೊನೆಗೆ ಎಡಗಾಲಿನ ಎರಡನೇ ಬೆರಳು ತೆಗೆಯಬೇಕಾಯಿತು.

ಮಂಡ್ಯದ ಡಾಕ್ಟರು ಅಪ್ಪನ ಕಣ್ಣು ಮುಚ್ಚಿಸಿ, ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತುತ್ತಾ ಬಂದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆಯಂತೆ ಅದು. ಮುಟ್ಟಿದಾಗ ಹೇಳಿ ಅಂದಿದ್ದರು. ಎಲ್ಲ ಕಡೆ ಒತ್ತಿ ಮುಗಿದ ಮೇಲೆ ಅಪ್ಪ, "ಯಾವಾಗ ಸುರು ಮಾಡ್ತೀರಾ ಸಾರ್?" ಅಂದರು. ನನಗೆ ಅಳು ತಡೆಯಲಾಗಲಿಲ್ಲ. ಬರಿಗಾಲಲ್ಲೇ ಗದ್ದೆಗೆ ಇಳಿದು, ನೀರಿನ ತಂಪು ನೋಡಿ ನಾಟಿ ಶುರು ಮಾಡುತ್ತಿದ್ದ ಕಾಲು ಅದು.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳು ಸಾಯುತ್ತಾ ಬರುತ್ತವೆ, ಉದ್ದದ ನರಗಳು ಮೊದಲು. ಅದಕ್ಕೇ ಪಾದದಿಂದ ಶುರು. ಬೆವರು ನಿಂತು ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ರಕ್ತನಾಳವೂ ಕಿರಿದಾದರೆ ಗಾಯ ಮಾಯುವುದಿಲ್ಲ. ನೋವಿಲ್ಲ ಅಂದರೆ ಏನೂ ಆಗಿಲ್ಲ ಅಂತ ನಾವೆಲ್ಲ ನಂಬಿದ್ದೆವು. ಆ ನೋವಿಲ್ಲದಿರುವುದೇ ಕಾಯಿಲೆಯಾಗಿತ್ತು.

ಅಪ್ಪ ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೆ ಟೀಗೆ ಸಕ್ಕರೆ ಬದಲು ಬೆಲ್ಲ. "ನಮ್ಮ ಆಲೆಮನೆ ಬೆಲ್ಲ, ಅದೇನು ಮಾಡ್ತದೆ?" ಬೆಲ್ಲವೂ ಅದೇ ಕಬ್ಬಿನ ಹಾಲು, ರಕ್ತಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ರಾಗಿಯೂ ಹಾಗೆ. ಅಕ್ಕಿಗಿಂತ ನಾರು ಹೆಚ್ಚು ನಿಜ, ಆದರೂ ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ರಾತ್ರಿ ಎರಡು ದಪ್ಪ ಮುದ್ದೆ ಇದ್ದದ್ದು ಈಗ ಒಂದು ಸಣ್ಣದು, ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಮುದ್ದೆಗಿಂತ ಜಾಸ್ತಿ. ಇದಕ್ಕೆ ಒಪ್ಪಿಸಲು ಅಮ್ಮನಿಗೆ ಆರು ತಿಂಗಳು ಬೇಕಾಯಿತು.

ಟೆಸ್ಟಿನ ಹಿಂದಿನ ರಾತ್ರಿ ಊಟ ಬಿಟ್ಟು ಹೋಗುವ ಅಭ್ಯಾಸವೂ ಇತ್ತು. ಖಾಲಿ ಹೊಟ್ಟೆಯ ಸಂಖ್ಯೆ ಚೆನ್ನಾಗಿ ಬರಲಿ ಅಂತ. ಕೆಂಪು ರಕ್ತಕಣದಲ್ಲಿ ಅಂಟಿಕೊಂಡ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆಯ ಮುಂದೆ ಅದು ನಡೆಯುವುದಿಲ್ಲ. ಆ ಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ ಎರಡು-ಮೂರು ತಿಂಗಳ ಕಥೆ ಅದರಲ್ಲಿರುತ್ತದೆ. ಆಗ 9.8 ಇತ್ತು, ಈಗ 7.2. ವರ್ಷಕ್ಕೊಮ್ಮೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿ ಅಕ್ಷಿಪಟಲದ ಪರೀಕ್ಷೆ, ಕಿಡ್ನಿಗೆ ಪೆಟ್ಟಾಗಿದೆಯಾ ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಇದೆಯಾ ಅಂತ ನೋಡಿಸುವುದು, ಎರಡನ್ನೂ ಬಿಡುವುದಿಲ್ಲ.

ರಾತ್ರಿ ಊಟವಾದ ಮೇಲೆ ಅಮ್ಮ ಮುಖ ನೋಡುವ ಕನ್ನಡಿ ತಂದು ಅಪ್ಪನ ಅಂಗಾಲಿನ ಕೆಳಗೆ ಹಿಡಿಯುತ್ತಾಳೆ. ತೊಳೆಯುವ ನೀರಿನ ಬಿಸಿಯನ್ನು ಅವಳ ಮೊಣಕೈಯಲ್ಲೇ ನೋಡಬೇಕು, ಅವರ ಕಾಲಿಗೆ ಗೊತ್ತಾಗುವುದಿಲ್ಲ. ಬೆರಳ ಸಂದಿ ಒರೆಸಿ ಒಣಗಿಸುತ್ತಾಳೆ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಮಾತ್ರ, ಸಂದಿಗೆ ಹಚ್ಚಬಾರದು, ತೇವ ನಿಂತು ಹುಣ್ಣಾಗುತ್ತದೆ. ಮನೆಯೊಳಗೂ ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರಿನ ಚಪ್ಪಲಿ. ಹಾಕುವ ಮೊದಲು ಒಳಗೆ ಕೈಯಾಡಿಸಿ ನೋಡಬೇಕು.

ಅಪ್ಪನಿಗೆ ಕಷ್ಟವಾಗಿದ್ದು ಮಾದಪ್ಪನ ಬೆಟ್ಟ. ಪ್ರತಿ ಶಿವರಾತ್ರಿಗೆ ಬರಿಗಾಲಲ್ಲಿ ನಡೆದು ಹೋಗುವ ಹರಕೆ ಅವರದು. ಡಾಕ್ಟರು ಬೇಡ ಅಂದ ದಿನ ಊಟ ಮಾಡಲಿಲ್ಲ. "ಮಾದಪ್ಪನೇನು ನಿಮ್ಮ ಕಾಲು ಕೇಳಿದ್ನಾ?" ಅಂದಳು ಅಮ್ಮ. ಈ ವರ್ಷ ಬಸ್ಸಿನಲ್ಲಿ ಹೋದೆವು. ಕಲ್ಲು ಕಾಯುವ ಮೊದಲೇ, ಬೆಳಗಿನ ಜಾವ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡು ಸಾಲಿನಲ್ಲಿ ನಿಂತರು. ಮನೆಗೆ ಬಂದವರೇ ಜಗಲಿ ಮೇಲೆ ಕೂತು, ಕಾಲುಚೀಲ ಬಿಚ್ಚಿ, ಅಮ್ಮನನ್ನು ಕೂಗಿದರು: "ಕನ್ನಡಿ ತಕ್ಕೊಂಬಾ."