ಬಾಣಂತಿ, ಕೂಸು ಮತ್ತು ಮನೆಯವರ ಕೈ: ಫಿಸಿಯೋಥೆರಪಿ ಕೋಣೆಯಲ್ಲಿ ಕಲಿತದ್ದು

ಮೈಸೂರಿನ ಹೆರಿಗೆ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ನಾನು ಹಲವು ವರ್ಷಗಳಿಂದ ಬಾಣಂತಿಯರನ್ನೂ ಎಳೆಗೂಸುಗಳನ್ನೂ ನೋಡುತ್ತ ಬಂದಿದ್ದೇನೆ. ಈಚೆಗೆ ನಮ್ಮಲ್ಲಿಗೆ ಬರುವ ಕುಟುಂಬಗಳು ಎರಡು ಬಗೆಯ ಬೇಡಿಕೆಗಳನ್ನು ತರುತ್ತವೆ. ಹಳ್ಳಿಯಿಂದ ಬಂದ ಅಜ್ಜಿ, ಕೂಸಿಗೆ ಉಳುಕಾಗಿದೆ, ತೆಗೆದುಕೊಡಿ ಎನ್ನುತ್ತಾರೆ. ಲಂಡನ್ನಿನಲ್ಲಿರುವ ಅಕ್ಕನೊಡನೆ ಫೋನಿನಲ್ಲಿ ಮಾತನಾಡಿ ಬಂದ ಯುವ ತಾಯಿ, ಮಗುವಿಗೆ ಆಸ್ಟಿಯೋಪತಿ (ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದ ಒತ್ತಿ ನೀವುವ ಚಿಕಿತ್ಸೆ) ಮಾಡಿಸಬೇಕೆಂದಿದ್ದೇನೆ ಎನ್ನುತ್ತಾರೆ. ಅಳುವ ಮಗುವಿನ ಮೈಯಲ್ಲಿ ಎಲ್ಲೋ ಏನೋ ಜಾರಿದೆ, ತಿಳಿದವರ ಕೈ ಅದನ್ನು ಸರಿಪಡಿಸಬಲ್ಲದು ಎಂಬ ನಂಬಿಕೆ ಎರಡರಲ್ಲೂ ಇದೆ. ಆ ನಂಬಿಕೆಯನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಆದರೆ ನನ್ನ ಕೈಗಿಂತ ಹೆಚ್ಚಾಗಿ, ದಿನವಿಡೀ ಮಗುವನ್ನು ಎತ್ತುವ, ಎರೆಯುವ, ಮಲಗಿಸುವ ಮನೆಯವರ ಕೈಗಳನ್ನೇ ತಿದ್ದಬೇಕು ಎಂಬುದನ್ನು ಈ ಕೆಲಸ ನನಗೆ ನಿಧಾನವಾಗಿ ಕಲಿಸಿದೆ.

ಆಸ್ಟಿಯೋಪತಿಯ ಬಗ್ಗೆ ಕೇಳುವವರಿಗೆ ನಾನು ಮೊದಲು ಅದರ ಹಿನ್ನೆಲೆಯನ್ನು ಹೇಳುತ್ತೇನೆ. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1874ರಲ್ಲಿ ಈ ಪದ್ಧತಿಯನ್ನು ಜನರ ಮುಂದಿಟ್ಟರು, 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಅದರ ಮೊದಲ ಶಾಲೆಯನ್ನು ತೆರೆದರು. 1864ರಲ್ಲಿ ಮೆದುಳುಪೊರೆಯ ಉರಿಯೂತಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡ ತಂದೆ ಅವರು. ಅಂದಿನ ಔಷಧಗಳ ಮೇಲೆ ಅವರಿಗಿದ್ದ ಭರವಸೆ ಕುಸಿದದ್ದರ ಹಿಂದೆ ಆ ದುಃಖವಿದೆ ಎಂಬುದನ್ನು ಮರೆಯಬಾರದು. ಇಂದು ಅಮೆರಿಕದಲ್ಲಿ ಆಸ್ಟಿಯೋಪತಿಯ ವೈದ್ಯಪದವಿ ಪಡೆದವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ ಅವರು ಮುಖ್ಯವಾಗಿ ಕೈಯಿಂದ ಚಿಕಿತ್ಸೆ ಮಾಡುವವರು, ಮತ್ತು 1993ರ ಕಾಯಿದೆಯಂತೆ ನೋಂದಣಿಯಾದವರು ಮಾತ್ರ ಆ ಹೆಸರನ್ನು ಬಳಸಬಹುದು. ಹಾಗಾಗಿ ಲಂಡನ್ನಿನ ಅಕ್ಕ ಕಂಡ ಚಿಕಿತ್ಸಕರೂ ಷಿಕಾಗೋದ ಅಣ್ಣ ಕಂಡ ವೈದ್ಯರೂ ಒಂದೇ ತರಬೇತಿಯವರಲ್ಲ. ನಮ್ಮೂರಿನಲ್ಲಿ ಯಾವ ಫಲಕವನ್ನು ಕಂಡರೂ, ಒಳಗಿರುವವರು ಏನು ಓದಿದ್ದಾರೆ, ಎಳೆಗೂಸುಗಳೊಡನೆ ಎಷ್ಟು ಕೆಲಸ ಮಾಡಿದ್ದಾರೆ ಎಂದು ನೇರವಾಗಿ ಕೇಳಿ ಎಂದೇ ನಾನು ಹೇಳುವುದು. ಹೊಟ್ಟೆನೋವಿನಿಂದ ಅಳುತ್ತದೆ ಎನ್ನಲಾಗುವ ಕೂಸುಗಳಿಗೆ ಇಂಥ ಕೈಚಿಕಿತ್ಸೆ ಮಾಡಿದ ಆರು ಪ್ರಯೋಗಗಳನ್ನು, ಒಟ್ಟು 325 ಶಿಶುಗಳ ವಿವರವನ್ನು, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಒಟ್ಟುಗೂಡಿಸಿ ನೋಡಿತು. ಅಳು ಕಡಿಮೆಯಾಯಿತೆಂದು ತಂದೆತಾಯಿಯರು ಹೇಳಿದ್ದು ಹೌದು. ಆದರೆ ತಮ್ಮ ಮಗುವಿಗೆ ಚಿಕಿತ್ಸೆ ಸಿಕ್ಕಿದೆಯೋ ಇಲ್ಲವೋ ಎಂಬುದು ತಂದೆತಾಯಿಗೆ ತಿಳಿಯದಂತೆ ನಡೆಸಿದ ಪ್ರಯೋಗಗಳನ್ನಷ್ಟೇ ತೆಗೆದುಕೊಂಡಾಗ ಆ ಲಾಭ ಖಚಿತವಾಗಿ ಉಳಿಯಲಿಲ್ಲ.

ಈ ಮಾತನ್ನು ಹೇಳಿ ಸುಮ್ಮನಾದರೆ ಮಗುವಿನ ಅಳು ನಿಲ್ಲುವುದಿಲ್ಲ, ಮನೆಯವರ ಆತಂಕವೂ ಇಳಿಯುವುದಿಲ್ಲ. ಅವರಿಗೆ ಅಳುವಿನ ಸಹಜವಾದ ಏರಿಳಿತವನ್ನು ವಿವರಿಸುವುದು ಬಹಳ ಉಪಯೋಗಕ್ಕೆ ಬಂದಿದೆ. ಆರೋಗ್ಯವಾಗಿರುವ ಕೂಸು ಕೂಡ ಎರಡನೆಯ ವಾರದಿಂದ ಹೆಚ್ಚು ಹೆಚ್ಚು ಅಳತೊಡಗುತ್ತದೆ, ಆರನೆಯ ವಾರದ ಹೊತ್ತಿಗೆ ಅಳು ಶಿಖರ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಸಂಜೆಯ ಹೊತ್ತು ಅದು ಜೋರು. ತವರಿನಲ್ಲಿ ಬಾಣಂತನ ನಡೆಯುವುದು, ಉಳುಕು ತೆಗೆಸಲು ಓಡಾಡುವುದು, ಒಬ್ಬರ ನಂತರ ಒಬ್ಬರಲ್ಲಿಗೆ ಮಗುವನ್ನು ಹೊತ್ತೊಯ್ಯುವುದು ಎಲ್ಲವೂ ಇದೇ ತಿಂಗಳುಗಳಲ್ಲಿ. ಅಳು ಇಳಿಯುವ ಕಾಲಕ್ಕೆ ಕೊನೆಯದಾಗಿ ಯಾರು ಕೈ ಹಚ್ಚಿದ್ದರೋ ಅವರ ಕೈಗುಣ ಎಂಬ ಮಾತು ಊರಿನಲ್ಲಿ ನಿಲ್ಲುತ್ತದೆ. ಮಗುವನ್ನು ಮೆಲ್ಲಗೆ ನೀವಿ ಕಳುಹಿಸುವವರಿಂದ ಕೇಡಿಲ್ಲ. ಆದರೆ ಸೀರೆಯಲ್ಲಿ ಹಾಕಿ ಅತ್ತಿಂದಿತ್ತ ಉರುಳಿಸುವುದು, ಕಾಲು ಹಿಡಿದು ತಲೆಕೆಳಗಾಗಿ ಎತ್ತುವುದು, ತೋಳು ಎಳೆಯುವುದು ಅಪಾಯಕರ. ಎಳೆಗೂಸಿನ ತಲೆ ಅದರ ಉದ್ದದ ಕಾಲುಭಾಗದಷ್ಟಿರುತ್ತದೆ, ಅದನ್ನು ಹೊರುವ ಕತ್ತಿಗೆ ಇನ್ನೂ ಬಲ ಬಂದಿರುವುದಿಲ್ಲ.

ಆದ್ದರಿಂದ ಅಳುವ ಮಗು ನಮ್ಮ ಮಂಚದ ಮೇಲೆ ಬಂದಾಗ ನನ್ನ ಮೊದಲ ಕೆಲಸ ನೋಡುವುದು ಮತ್ತು ಕೇಳುವುದು. ಮೈ ಬಿಸಿಯಾಗಿದೆಯೇ, ಹಸಿರು ವಾಂತಿಯಾಗಿದೆಯೇ, ಮಲದಲ್ಲಿ ರಕ್ತವಿದೆಯೇ, ಹಾಲು ಬಿಟ್ಟಿದೆಯೇ, ನೆತ್ತಿ ಉಬ್ಬಿದೆಯೇ, ತೂಕ ಏರುತ್ತಿದೆಯೇ, ಎರಡೂ ಕೈಕಾಲುಗಳನ್ನು ಒಂದೇ ಸಮನಾಗಿ ಆಡಿಸುತ್ತಿದೆಯೇ ಎಂದು ತಿಳಿಯುವವರೆಗೆ ಚಿಕಿತ್ಸೆಯ ಮಾತೇ ಇಲ್ಲ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಅದೊಂದೇ ಕಾರಣಕ್ಕೆ ಆ ಕೂಡಲೇ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು.

ಒಮ್ಮೆ ಮೂರನೆಯ ವಾರದ ಗಂಡುಮಗುವನ್ನು ಕರೆತಂದರು. ಅಂಗಿ ತೊಡಿಸುವಾಗೆಲ್ಲ ಚೀರುತ್ತದೆ, ಬಲಗೈಯ ಉಳುಕು ತೆಗೆದುಕೊಡಿ ಎಂದು ಅಜ್ಜಿ ಕೇಳಿಕೊಂಡರು. ಹೆರಿಗೆಯಲ್ಲಿ ಭುಜ ಹೊರಬರಲು ಕಷ್ಟವಾಗಿತ್ತು ಎಂದು ತಾಯಿ ಹೇಳಿದರು. ಮಗು ಎಡಗೈ ಬೀಸುತ್ತಿತ್ತು, ಬಲಗೈ ಅಲುಗುತ್ತಿರಲಿಲ್ಲ, ಕೊರಳೆಲುಬಿನ ಮೇಲೆ ಸಣ್ಣ ಗಂಟು ಬೆರಳಿಗೆ ಸಿಗುತ್ತಿತ್ತು. ನಾನು ಕೈಯನ್ನು ಮುಂದಕ್ಕೆ ಆಡಿಸದೆ ಮಕ್ಕಳ ವೈದ್ಯರಲ್ಲಿಗೆ ಕಳುಹಿಸಿದೆ. ಎಕ್ಸ್-ರೇಯಲ್ಲಿ ಕೊರಳೆಲುಬು ಮುರಿದು ಕೂಡುತ್ತಿರುವುದು ಕಂಡಿತು. ಹೆರಿಗೆಯಲ್ಲಿ ಹೆಚ್ಚಾಗಿ ಮುರಿಯುವ ಎಲುಬು ಇದೇ, ಮತ್ತು ಶಿಶುಗಳಲ್ಲಿ ಇದು ಕೆಲವೇ ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ನರಕ್ಕೆ ಪೆಟ್ಟಾಗಿದೆಯೇ ಎಂಬುದನ್ನು ಮಾತ್ರ ವೈದ್ಯರು ಬೇರೆಯಾಗಿ ಪರೀಕ್ಷಿಸಬೇಕು. ಆ ಮನೆಗೆ ನಾವು ಕಲಿಸಿದ್ದು ಇಷ್ಟೇ: ತೊಡಿಸುವಾಗ ನೋವಿರುವ ಕೈಯನ್ನು ಮೊದಲು ಅಂಗಿಯ ತೋಳಿಗೆ ಹಾಕಿ, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಿರಿ, ಕಂಕುಳಿಗೆ ಕೈ ಕೊಟ್ಟು ಎತ್ತಬೇಡಿ. ಅಜ್ಜಿ ಅದನ್ನು ನಮ್ಮೆದುರೇ ಮಾಡಿ ತೋರಿಸಿದರು. ಅವರ ಬೆರಳುಗಳಲ್ಲಿ ಅಷ್ಟು ನಾಜೂಕಿತ್ತು ಎಂದರೆ ವಿದ್ಯಾರ್ಥಿಗಳನ್ನು ಕರೆದು ನೋಡಿ ಎಂದೆ.

ಕತ್ತು ಒಂದು ಕಡೆಗೆ ವಾಲಿದ ಮಕ್ಕಳ ವಿಷಯದಲ್ಲಿ ಮನೆಯವರ ಪಾಲು ಇನ್ನೂ ದೊಡ್ಡದು. ಕತ್ತಿನ ಬಲಗಡೆಯ ಸ್ನಾಯು ಬಿಗಿದಿದ್ದರೆ ತಲೆ ಬಲಕ್ಕೆ ವಾಲಿ ಗದ್ದ ಎಡಕ್ಕೆ ತಿರುಗಿರುತ್ತದೆ. ಮಗು ಎಡಕ್ಕೇ ನೋಡುತ್ತ ಮಲಗುವುದರಿಂದ ತಲೆಯ ಹಿಂಭಾಗ ಆ ಕಡೆ ಚಪ್ಪಟೆಯಾಗುತ್ತದೆ. ಎಷ್ಟು ಬೇಗ ತಂದರೆ ಅಷ್ಟು ಬೇಗ ಸರಿಹೋಗುತ್ತದೆ. ನಾನು ವಾರಕ್ಕೊಮ್ಮೆ ಕೆಲ ನಿಮಿಷ ಆ ಸ್ನಾಯುವನ್ನು ನೀವಿ ಹಿಗ್ಗಿಸಬಲ್ಲೆ, ಆದರೆ ಉಳಿದ ಹೊತ್ತೆಲ್ಲ ಮಗು ತೊಟ್ಟಿಲಿನಲ್ಲಿ, ಮಡಿಲಿನಲ್ಲಿ, ಹೆಗಲಿನಲ್ಲಿ ಇರುತ್ತದೆ. ಆದ್ದರಿಂದ ತೊಟ್ಟಿಲು ಎಲ್ಲಿ ತೂಗುತ್ತದೆ, ಬಾಗಿಲು ಯಾವ ಕಡೆ, ಬೆಳಕು ಎಲ್ಲಿಂದ ಬರುತ್ತದೆ, ತಾಯಿ ಯಾವ ಮಗ್ಗುಲಲ್ಲಿ ಮಲಗುತ್ತಾಳೆ ಎಂದು ಕಾಗದದ ಮೇಲೆ ಬರೆಸಿಕೊಳ್ಳುತ್ತೇನೆ. ಕೂಸು ಬೆಳಕನ್ನೂ ದನಿಯನ್ನೂ ಹುಡುಕಿ ತಿರುಗುತ್ತದೆ. ತಲೆ ಇರುವ ಕಡೆ ಕಾಲು ಬರುವಂತೆ ತಿರುಗಿಸಿ ಮಲಗಿಸಿದರೆ, ಅದೇ ಬಾಗಿಲು, ಅದೇ ತಾಯಿಯ ಮುಖ ಈಗ ಬಲಕ್ಕೆ ಸಿಗುತ್ತದೆ, ಮಗು ತನ್ನ ಕತ್ತನ್ನು ತಾನೇ ತಿರುಗಿಸುತ್ತದೆ. ಎಚ್ಚರವಾಗಿದ್ದಾಗ ಯಾರಾದರೂ ಜೊತೆಗಿದ್ದು ಬೋರಲು ಮಲಗಿಸುವುದೂ ಬೇಕು. ಇನ್ನೂ ತೆವಳದ ಕೂಸಿಗೆ ದಿನದಲ್ಲಿ ಬಿಡಿಬಿಡಿಯಾಗಿ ಒಟ್ಟು ಕನಿಷ್ಠ 30 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಜ್ಜಿಯ ಎದೆಯ ಮೇಲೆ, ಚಾಚಿದ ತೊಡೆಯ ಮೇಲೆ ಇದನ್ನು ಸುಲಭವಾಗಿ ಮಾಡಬಹುದು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವಾಗಿಯೇ ಮಲಗಿಸಬೇಕು, ದಿಂಬು ಬೇಡ. ತಲೆ ದುಂಡಗಾಗಲೆಂದು ಪ್ರೀತಿಯಿಂದ ಹೊಲಿದು ತಂದ ಸಾಸಿವೆ ದಿಂಬನ್ನು ಬದಿಗಿಡಿ ಎಂದು ಹೇಳುವುದು ನನಗೆ ಈಗಲೂ ಕಷ್ಟದ ಮಾತು, ಆದರೂ ಹೇಳುತ್ತೇನೆ.

ಎಣ್ಣೆ ನೀವಿ, ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುವ ನಮ್ಮ ಪದ್ಧತಿಯ ಬಗ್ಗೆ ನನಗೆ ನಿಜವಾದ ಗೌರವವಿದೆ. ದಿನಕ್ಕೊಮ್ಮೆ ಮಗುವಿನ ಇಡೀ ಮೈಯನ್ನು ಅನುಭವಿ ಕೈಯೊಂದು ಮುಟ್ಟಿ ನೋಡುತ್ತದೆ; ಕಾಲು ಬಿಗಿಯಾಗಿದೆ, ಸೊಂಟದಲ್ಲಿ ಲಟಕ್ ಎನ್ನುತ್ತದೆ, ಒಂದು ತೊಡೆ ಗಿಡ್ಡ ಎಂಬಂಥ ಮುಖ್ಯ ಸುಳಿವುಗಳನ್ನು ಎಷ್ಟೋ ಬಾರಿ ಎರೆಯುವವರೇ ಮೊದಲು ತಂದಿದ್ದಾರೆ. ಬಿಡಬೇಕಾದವು ಕೆಲವು ಮಾತ್ರ. ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದು, ಏಕೆಂದರೆ ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಉರಿಯೂತ ತರಬಹುದು. ಕೂಸಿನ ಮೊಲೆಯನ್ನು ಹಿಂಡಬಾರದು, ಅದು ಕೀವುಗಟ್ಟಬಹುದು. ಈ ಮಾತುಗಳನ್ನು ಸೊಸೆಗೆ ಹೇಳಿ ಮನೆಗೆ ಕಳುಹಿಸಿದರೆ ಅವು ಅತ್ತೆಯನ್ನು ಮುಟ್ಟುವುದಿಲ್ಲ, ಮುಟ್ಟಿದರೂ ಸೊಸೆಯ ದೂರಾಗಿ ಮುಟ್ಟುತ್ತವೆ. ಆದ್ದರಿಂದ ಎರೆಯುವವರಿಗೇ, ಅವರ ಕೈಯಲ್ಲಿ ಮಗುವಿರುವಾಗಲೇ, ಕಾರಣಸಹಿತ ಹೇಳಬೇಕು.

ತಾಯಿಯ ಮೈಯ ವಿಷಯಕ್ಕೆ ಬರುತ್ತೇನೆ. ಬಾಣಂತಿಗೆ ವಿಶ್ರಾಂತಿ ಕೊಟ್ಟಿದ್ದೇವೆ, ಕಡ್ಡಿ ಎತ್ತಿಡಲು ಬಿಟ್ಟಿಲ್ಲ ಎಂದು ಮನೆಯವರು ಪ್ರಾಮಾಣಿಕವಾಗಿ ಹೇಳುತ್ತಾರೆ. ಆದರೆ ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲುಣಿಸುವಾಗ ಆಕೆ ಮಂಚದ ನಡುವೆ ಆಸರೆಯಿಲ್ಲದೆ ಚಕ್ಕಂಬಕ್ಕಳ ಹಾಕಿ, ಮಗುವಿನತ್ತ ಬಗ್ಗಿ ಕೂತಿರುತ್ತಾಳೆ. ಬೆನ್ನುನೋವಿಗೆ ಹೆರಿಗೆಯ ಹೊತ್ತಿನ ಬೆನ್ನಿನ ಸೂಜಿಯನ್ನು ದೂರುವವರಿಗೆ ನಾನು ಮೊದಲು ಹೀಗೆ ಕೂತು ತೋರಿಸಿ ಎನ್ನುತ್ತೇನೆ. ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ದಿಂಬಿಟ್ಟು, ಮಗುವನ್ನೇ ಮೊಲೆಯ ಮಟ್ಟಕ್ಕೆ ತಂದರೆ ಅರ್ಧ ನೋವು ಮಂಚದ ಮೇಲೆಯೇ ಕರಗುತ್ತದೆ. ಹೆಬ್ಬೆರಳ ಬುಡದ ನೋವಿಗೂ ಕಾರಣ ಇಂಥದ್ದೇ. ಸ್ವಿಸ್ ಶಸ್ತ್ರವೈದ್ಯ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ ಈ ಸ್ನಾಯುರಜ್ಜುವಿನ ತೊಂದರೆ, ಹೆಬ್ಬೆರಳನ್ನು ಅಗಲಿಸಿ ಕಂಕುಳಿಗೆ ಕೊಟ್ಟು ಮಗುವನ್ನು ಮತ್ತೆ ಮತ್ತೆ ಎತ್ತುವ ತಾಯಂದಿರಲ್ಲಿ ತುಂಬ ಸಾಮಾನ್ಯ. ಅಂಗೈ ಮೇಲ್ಮುಖವಾಗಿಟ್ಟು, ಒಂದು ಕೈ ತಲೆ ಮತ್ತು ಕತ್ತಿಗೆ, ಇನ್ನೊಂದು ಕೈ ಕುಂಡಿಗೆ ಕೊಟ್ಟು, ಮಣಿಕಟ್ಟು ನೆಟ್ಟಗಿರುವಂತೆ ಎತ್ತುವುದನ್ನು ಆಕೆಗೂ ಗಂಡನಿಗೂ ಒಟ್ಟಿಗೇ ಕಲಿಸುತ್ತೇವೆ. ಹೊಟ್ಟೆಗೆ ಬಟ್ಟೆ ಕಟ್ಟುವುದು ಆಸರೆಗೆ ಸಾಕಾಗುವಷ್ಟಿರಲಿ, ಉಸಿರು ಬಿಗಿಯುವಷ್ಟು ಬೇಡ, ಆ ಒತ್ತಡ ಕೆಳಗೆ ಕಟಿತಳದ ಮೇಲೆ, ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊರುವ ಸ್ನಾಯುಗಳ ಮೇಲೆ, ಬೀಳುತ್ತದೆ.

ಇಷ್ಟೆಲ್ಲವನ್ನೂ ಮನೆಯವರನ್ನು ಒಳಗೆ ಕೂರಿಸಿಕೊಂಡೇ ಮಾಡಬೇಕು. ಆದರೆ ಪ್ರತಿ ಭೇಟಿಯಲ್ಲೂ ಸ್ವಲ್ಪ ಹೊತ್ತು ತಾಯಿಯೊಬ್ಬಳೇ ನನ್ನೊಡನೆ ಇರಬೇಕು ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಕೆಮ್ಮಿದಾಗ, ನಕ್ಕಾಗ ಮೂತ್ರ ಜಿನುಗುವುದನ್ನು ಅತ್ತೆಯ ಎದುರು ಯಾರೂ ಹೇಳುವುದಿಲ್ಲ. ತನ್ನ ತಾಯಿಯ ಎದುರೂ ಹೇಳದವರಿದ್ದಾರೆ. ಹೆರಿಗೆಯಾದ ಮೇಲೆ ಹೀಗೇ ಎಂದು ಒಪ್ಪಿಕೊಂಡು ಎರಡನೆಯ ಹೆರಿಗೆಯವರೆಗೂ ಬಟ್ಟೆ ಬದಲಿಸುತ್ತ ಕಳೆದವರನ್ನು ನೋಡಿ ನನಗೆ ಸಂಕಟವಾಗಿದೆ, ಏಕೆಂದರೆ ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಅಮೆರಿಕದ ವೈದ್ಯ ಆರ್ನಲ್ಡ್ ಕೀಗಲ್ 1948ರಲ್ಲಿ ಪ್ರಕಟಿಸಿದ ಕಟಿತಳದ ವ್ಯಾಯಾಮವನ್ನು ಸರಿಯಾಗಿ ಕಲಿತು, ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ ಆ ಸ್ನಾಯುಗಳನ್ನು ಎಂಟು ಸಲ ಬಿಗಿಹಿಡಿದು ಬಿಡುವಂತೆ ಕನಿಷ್ಠ ಮೂರು ತಿಂಗಳು ಮಾಡಿದರೆ ಹೆಚ್ಚಿನವರಿಗೆ ಗುಣ ಕಾಣುತ್ತದೆ. ಸರಿಯಾಗಿ ಕಲಿಯುವುದು ಮುಖ್ಯ. ಉಸಿರು ಹಿಡಿದು ಕೆಳಕ್ಕೆ ಮುಕ್ಕುವುದನ್ನೇ ವ್ಯಾಯಾಮವೆಂದುಕೊಂಡವರು ಬಹಳ ಮಂದಿ.

ಆ ಏಕಾಂತದಲ್ಲೇ ಮನಸ್ಸಿನ ಮಾತೂ ಹೊರಬರುತ್ತದೆ. ಮಗು ಅತ್ತರೆ ನನಗೇನೂ ಅನ್ನಿಸುವುದಿಲ್ಲ ಎಂದೋ, ಎಲ್ಲರಿಗೂ ನಾನು ಹೊರೆ ಎಂದೋ ಒಬ್ಬಾಕೆ ಹೇಳಿದಾಗ, ಆಕೆ ಬೆನ್ನುನೋವಿಗೆ ಬಂದಿದ್ದಳು ಎಂಬುದು ಹಿಂದೆ ಸರಿಯುತ್ತದೆ. ಬಾಣಂತಿಯ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ, ಅದನ್ನು ನಾವು ಬಳಸುತ್ತೇವೆ. ಅಂಕ ಹೆಚ್ಚಿದ್ದರೆ, ಇಲ್ಲವೇ ಸಾಯುವ ಯೋಚನೆಯ ಪ್ರಶ್ನೆಗೆ ಹೌದು ಎಂದರೆ, ಅಂದೇ ಮನೋವೈದ್ಯರಲ್ಲಿಗೆ ಜೊತೆಗಿದ್ದು ಕರೆದೊಯ್ಯುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಅಗಲಿಸದೆ ದಾಖಲಿಸಿಕೊಳ್ಳುವ ಘಟಕ 2009ರಿಂದ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ತಾಯಿಯ ಫೋನಿಗಷ್ಟೇ ಅಲ್ಲ, ಗಂಡನ ಫೋನಿಗೂ ಅಲ್ಲೇ ಹಾಕಿಸುತ್ತೇನೆ.

ಇದೆಲ್ಲದರಿಂದ ನಮ್ಮ ವಿಭಾಗದ ಭೇಟಿಚೀಟಿಯೇ ಬದಲಾಗಿದೆ. ತಾಯಿ ಮತ್ತು ಮಗು ಎಂದಷ್ಟೇ ಇದ್ದ ಕಡೆ ಈಗ, ಮಗುವಿಗೆ ಎರೆಯುವವರು ಮತ್ತು ರಾತ್ರಿ ಮಗುವನ್ನು ಎತ್ತಿಕೊಳ್ಳುವವರು ಸಹ ಬರಬೇಕು ಎಂದು ಬರೆದಿದೆ. ಮೊದಲ ಭೇಟಿಗೆ ಹೆಚ್ಚು ಸಮಯ ಬೇಕಾಗುತ್ತದೆ, ಅದನ್ನು ಆಸ್ಪತ್ರೆಯ ಆಡಳಿತಕ್ಕೆ ವಿವರಿಸಿ ಪಡೆದುಕೊಂಡಿದ್ದೇವೆ. ಈ ಕೆಲಸಕ್ಕೆ ಹೊಸದಾಗಿ ಬರುವ ಕಿರಿಯರಿಗೆ ನಾನು ಮೊದಲ ವಾರ ಯಾವ ಚಿಕಿತ್ಸೆಯನ್ನೂ ಮಾಡಲು ಕೊಡುವುದಿಲ್ಲ. ಮೂಲೆಯಲ್ಲಿ ಕೂತು, ಕೋಣೆಗೆ ಬಂದ ಮೇಲೆ ಮಗು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಅವರು ಅದನ್ನು ಹೇಗೆ ಹಿಡಿದರು, ಆಗ ಅದರ ತಲೆ ಯಾವ ಕಡೆ ತಿರುಗಿತು ಎಂಬುದನ್ನು ಬರೆದುಕೊಳ್ಳಲು ಹೇಳುತ್ತೇನೆ.